ಬೂದಿ ಮೆತ್ತಿದ ಬೆರಳು

ಮೊನ್ನೆ ಚಳ್ಳಕೆರೆಯ ಅಂಗಡಿಯೊಂದರಲ್ಲಿ ಬೂದಿಯ ಪ್ಯಾಕೆಟ್ ಕಂಡೆ. ಪಾತ್ರೆ ತಿಕ್ಕಲು ಬೆರಣಿಯ ಶುದ್ಧ ಬೂದಿಯಂತೆ, ಮೇಲೊಂದು ಹೂವಿನ ಚಿತ್ರ ಬೇರೆ. ಬೂದಿಗೂ ಬೆಲೆ ಬಂತಲ್ಲ ಎಂದು ನಗುತ್ತಲೇ ಕೊಂಡು ತಂದೆ. ಮನೆಯಲ್ಲಿ ಬಿಚ್ಚಿದಾಗ ಆ ವಾಸನೆ ಮೂಗಿಗೆ ಬಡಿಯಿತು... ಎದುರುಮನೆಯ ಅಕ್ಕ ನೆನಪಾದಳು. ಜೊತೆಗೆ ಆ ಹಳೆಯ ಅಸಹ್ಯವೂ ಎದ್ದು ಬಂತು.

ನಾನಾಗ ಮೊಳಕಾಲ್ಮೂರಿನಲ್ಲಿ ಶಾಲೆಯ ಟೀಚರು. ನೇಕಾರರ ಬೀದಿಯಲ್ಲಿ ಬಾಡಿಗೆ ಮನೆ. ಎದುರುಮನೆಯ ಮಗ್ಗದಲ್ಲಿ ಅಕ್ಕನ ಗಂಡ ರೇಷ್ಮೆ ಸೀರೆ ನೇಯುತ್ತಿದ್ದ. ಅವನು ಕೂರುವ ಮೊದಲು ಆಗಬೇಕಾದದ್ದೆಲ್ಲ ಅಕ್ಕನ ಪಾಲು. ಮಗ್ಗದ ಉದ್ದೆಳೆಗಳ ಹಾಸು ಮುಗಿಯುತ್ತ ಬಂದರೆ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಹೊಸೆದು ಕೂಡಿಸಬೇಕು. ರೇಷ್ಮೆ ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಿದ್ದಳು. ಸಾವಿರಾರು ಎಳೆಗಳು. ಬೆಳಿಗ್ಗೆ ಕತ್ತು ಬಗ್ಗಿಸಿದರೆ ಊಟದ ಹೊತ್ತಿಗೇ ಎತ್ತುವುದು. ಅದು ಹೆಂಗಸರ ಕೈಕೆಲಸವೆಂದು ಅವಳ ಗಂಡ ಕಲಿಯಲೂ ಇಲ್ಲ.

ಒಂದು ಅಮಾವಾಸ್ಯೆಯಂದು ಸಮೀಕ್ಷೆಯವನು ಬಂದ. ದುಡಿಯುವ ವಯಸ್ಸಿನವರಲ್ಲಿ ಎಷ್ಟು ಮಂದಿಗೆ ಕೆಲಸವಿದೆ ಎಂದು ಸರ್ಕಾರಕ್ಕೆ ತಿಳಿಯಬೇಕಿತ್ತಂತೆ. ಅಮಾವಾಸ್ಯೆಗೆ ಆ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಅಕ್ಕ ತಲೆಗೆ ನೀರು ಹಾಕಿಕೊಂಡು, ಬೆರಳಿನ ಬೂದಿಯನ್ನೆಲ್ಲ ತೊಳೆದು ಬಾಗಿಲಲ್ಲಿ ನಿಂತಿದ್ದಳು. ನಾನೂ ಜಗುಲಿಯ ಮೇಲಿದ್ದೆ.

"ಇವರೇನು ಕೆಲಸ ಮಾಡ್ತಾರೆ?" ಎಂದು ಅವನು ಕೇಳಿದ.

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಗಂಡ ಹೇಳಿಬಿಟ್ಟ. "ಅವಳೇನ್ ಮಾಡ್ತಾಳೆ ಸಾರ್, ಮನೇಲೇ ಇರ್ತಾಳೆ."

"ಮತ್ತೆ ಎಳೆ ಕೂಡಿಸೋರು ಯಾರು?" ಎಂದೆ. "ಅದೂ ಒಂದು ಕೆಲ್ಸಾನಾ ಟೀಚ್ರೇ?" ಎಂದು ಗಂಡ ನಕ್ಕ. ಸಮೀಕ್ಷೆಯವನು ಅವಳ ಮುಖವನ್ನೂ ನೋಡದೆ ಕೆಲಸವಿಲ್ಲ ಎಂದು ಬರೆದುಕೊಂಡ, ಅವಳೇ ಮಾಡಿಕೊಟ್ಟ ಟೀ ಕುಡಿದು ಎದ್ದ.

ಮರುದಿನ ಹೊಸ ಹಾಸು ಕೂಡಿಸಬೇಕಿತ್ತು. ಮದುವೆಯ ಸೀರೆ, ಹೇಳಿದ ದಿನಕ್ಕೆ ಕೊಡಲೇಬೇಕು. ಅಕ್ಕ ಕಂಬಕ್ಕೊರಗಿ ಕೈಕಟ್ಟಿ ಕೂತಿದ್ದಳು. "ನಂಗೆ ಕೆಲ್ಸ ಇಲ್ಲ ಅಂತ ಬರೆಸೀರಲ್ಲ. ಈಗ ಮಾಡಿದ್ರೆ ಸರ್ಕಾರಕ್ಕೆ ಸುಳ್ಳು ಹೇಳ್ದಂಗಾಗ್ತೈತೆ!"

ಬೀದಿಗೆ ಬೀದಿಯೇ ನಕ್ಕಿತು. ನನಗಂತೂ ಹಬ್ಬ. ಗಂಡ ತಾನೇ ಕೂತು ಬೂದಿ ಮೆತ್ತಿಕೊಂಡು ಹೊಸೆದ, ಎಳೆಗಳು ಪಟಪಟ ಹರಿದವು. ಸಮೀಕ್ಷೆಯವನು ಇನ್ನೂ ಹಿಂದಿನ ಬೀದಿಯಲ್ಲೇ ಇದ್ದ. ಕರೆದು ಒಂದು ಮಾತು ತಿದ್ದಿಸಿದ್ದರೆ ಸಾಕಿತ್ತು, ಅವಳು ಕಾದಿದ್ದು ಅಷ್ಟಕ್ಕೇ. ಈ ಮಹಾರಾಯ ಹಿಂದಿನ ಬೀದಿಗೆ ಹೋದ, ನಿಜ. ಆದರೆ ಕರೆತಂದದ್ದು ಎಳೆ ಕೂಡಿಸುವ ಕೂಲಿಯ ಹೆಂಗಸನ್ನು! ಅವಳು ಅಕ್ಕನ ಜಾಗದಲ್ಲೇ ಕೂತು, ಅಕ್ಕನ ಬಟ್ಟಲ ಬೂದಿಯನ್ನೇ ಹಚ್ಚಿಕೊಂಡು ಕೂಡಿಸಿದಳು. ಸಂಜೆ ಹೋಗುವಾಗ ನನ್ನೆದುರು ಹೇಳಿದಳು, ಸಮೀಕ್ಷೆಯವನು ತನ್ನನ್ನು ಕೆಲಸ ಇರುವವಳೆಂದು ಬರೆದುಕೊಂಡನಂತೆ. ಅದೇ ಮನೆ, ಅದೇ ಮಗ್ಗ, ಅದೇ ಬೂದಿ... ಥೂ!

ಇನ್ನೂ ಹೇಸಿಗೆಯಾದದ್ದು ಮುಂದಿನ ಹಾಸು ಕೂಡಿಸಲು ಅಕ್ಕ ತಾನಾಗಿಯೇ ಹೋಗಿ ಕೂತಾಗ. ಯಾರೂ ತಪ್ಪಾಯಿತು ಎಂದಿರಲಿಲ್ಲ. ಯಾಕಕ್ಕಾ ಎಂದರೆ, "ಹಾಸು ಏನ್ ಪಾಪ ಮಾಡೈತೆ ಟೀಚ್ರೇ?" ಎಂದಳು.

ನನಗೆ ಚಳ್ಳಕೆರೆಗೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ಅಕ್ಕ ತೀರಿಕೊಂಡಳೆಂದು ಸುದ್ದಿ ಬಂತು, ಸಿಕ್ಕ ಬಸ್ಸು ಹತ್ತಿ ಹೋದೆ. ಗಂಡ ಜಗುಲಿಯ ಮೇಲೆ ಗೋಳಾಡುತ್ತಿದ್ದ. "ನನ್ ಕೈಯೇ ಮುರಿದಂಗಾತು ಟೀಚ್ರೇ. ಅವಳಿಲ್ದೆ ಈ ಮಗ್ಗ ನಡಿಯಂಗಿಲ್ಲ." ನನಗೆ ಮರುಕ ಬರಲಿಲ್ಲ, ಅಸಹ್ಯವಾಯಿತು. ಅಂತೂ ಅವಳಿಗೆ ಕೆಲಸವಿತ್ತೆಂದು ಒಪ್ಪಿದ. ಅದನ್ನು ಕೇಳಬೇಕಾದವಳು ಅಂಗಳದಲ್ಲಿ ಮಲಗಿದ್ದಳು, ಬೆರಳುಗಳನ್ನು ಯಾರೋ ಚೆನ್ನಾಗಿ ತೊಳೆದಿದ್ದರು.

ಈಗಲೂ ಟಿವಿಯಲ್ಲಿ ಎಷ್ಟು ಮಂದಿಗೆ ಕೆಲಸವಿದೆ ಎಂದು ಗೆರೆ ಎಳೆದು ತೋರಿಸುತ್ತಾರೆ. ನಾನು ಚಾನೆಲ್ ಬದಲಿಸುತ್ತೇನೆ. ಪ್ಯಾಕೆಟ್ಟಿನ ಬೂದಿಯಿಂದ ಪಾತ್ರೆ ತಿಕ್ಕಲು ಮನಸ್ಸಾಗಲಿಲ್ಲ. ಅಕ್ಕನ ಮನೆಯಲ್ಲಿ ನೇಯಿಸಿದ ಸೀರೆ ತೆಗೆದು, ಚಿಟಿಕೆ ಬೂದಿ ಹಚ್ಚಿಕೊಂಡು, ಸೆರಗಿನಂಚಿನ ಎರಡು ಎಳೆ ಹೊಸೆದು ನೋಡಿದೆ... ಕೂಡಲಿಲ್ಲ.