ಕೊನೆಯ ನಾಲ್ಕು ಅಕ್ಷರ

ನಮ್ಮತ್ತಿಗೆ ಹದಿನೆಂಟು ವರ್ಷ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದವರು. ನಲವತ್ತಮೂರನೇ ವಯಸ್ಸಿಗೆ ಪ್ರೋಗ್ರಾಮಿಂಗ್ ಕಲಿತು, ಲ್ಯಾಬುಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿ ಸೇರಿದರು. ಹಳೆಯ ಅಭ್ಯಾಸ ಮಾತ್ರ ಬಿಡಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಗಂಟೆ ನಿಮಿಷದ ಸಮೇತ ನೋಟ್‌ಬುಕ್ಕಿನಲ್ಲಿ ಬರೆಯಲೇಬೇಕು.

ಆ ಶುಕ್ರವಾರ ಹನ್ನೆರಡರೊಳಗೆ ಕಂಪನಿಯ ಪ್ರೋಗ್ರಾಂ ಅವರ ಲ್ಯಾಪ್‌ಟಾಪಿನಲ್ಲಿ ಓಡಿದರೆ ಹೊಸ ತಂಡದಲ್ಲಿ ಜಾಗ. ಇಲ್ಲದಿದ್ದರೆ ಅದು ಬೇರೆಯವರಿಗೆ. ಪ್ರೋಗ್ರಾಮಿನ ಬಿಡಿಭಾಗಗಳು ಕಂಪನಿಯ ಖಾಸಗಿ ಸರ್ವರಿನಲ್ಲಿದ್ದವು. ಟೋಕನ್ ಎಂಬ ಉದ್ದನೆಯ ಗುಟ್ಟಿನ ಅಕ್ಷರಸಾಲು ಕೊಟ್ಟವರಿಗಷ್ಟೇ ಅವು ಸಿಗುತ್ತವೆ.

ಅತ್ತಿಗೆ ತಮ್ಮ ಟೋಕನ್ನನ್ನು ಸೆಟ್ಟಿಂಗ್ಸ್ ಫೈಲಿಗೆ ಹಾಕಿದರು. ನೋಟ್‌ಬುಕ್ಕಿನಲ್ಲಿ ಬರೆದದ್ದು ಅದರ ಕೊನೆಯ ನಾಲ್ಕು ಅಕ್ಷರ ಮಾತ್ರ. ಲ್ಯಾಬಿನಲ್ಲೂ ಅಷ್ಟೇ, ರೋಗಿಯ ಹೆಸರಿನ ಬದಲು ನಂಬರಿನ ಬಾಲ ಬರೆಯುತ್ತಿದ್ದರು.

"ಪ್ರವೇಶವಿಲ್ಲ" ಎಂದಿತು ಪರದೆ. ಮೂರು ಸಲ.

ಅಣ್ಣ ಕಾಫಿ ತಂದಿಟ್ಟ. "ಹನ್ನೊಂದೂವರೆ ಆಯ್ತು ಕಣೇ. ಇನ್ನೊಂದು ಟೋಕನ್ ಕೇಳ್ಬಾರ್ದಾ?"

"ಸುಮ್ನಿರಿ ಸ್ವಲ್ಪ. ತೆಗೆದ ಸ್ಯಾಂಪಲ್ ನೋಡ್ದೇನೇ ಇನ್ನೊಂದ್ಸಲ ಸೂಜಿ ಚುಚ್ತಾರಾ?"

ಕಂಪ್ಯೂಟರು ಏನೇನು ಮಾಡಿತೆಂದು ಸಾಲುಸಾಲಾಗಿ ಬರೆದಿಡುವ ಲಾಗ್ ತೆರೆದರು. ಕಳಿಸಿದ ಟೋಕನ್ ಅಲ್ಲಿತ್ತು. ಎಲ್ಲ ಚುಕ್ಕಿ, ಕೊನೆಯ ನಾಲ್ಕಕ್ಷರ ಮಾತ್ರ ಬಯಲು. ಅತ್ತಿಗೆ ಪಕ್ಕದಲ್ಲಿ ನೋಟ್‌ಬುಕ್ ಹಿಡಿದರು. ಕುರ್ಚಿ ಹಿಂದಕ್ಕೆ ಸರಿಯಿತು.

"ಏ, ಬಾರೋ ಇಲ್ಲಿ! ಇದನ್ನ ಓದು, ಅದನ್ನ ಓದು!" ಎಂದು ನನ್ನನ್ನು ಕರೆದರು.

ಓದಿದೆ. ಒಂದಕ್ಷರವೂ ಹೊಂದಲಿಲ್ಲ.

"ನೋಡಿದ್ಯಾ? ಇದು ನಂದೇ ಅಲ್ಲ! ಟ್ಯೂಬಿಗೆ ಬೇರೆಯವರ ಚೀಟಿ ಅಂಟಿದೆ!"

ಆಮೇಲೆ ಹುಡುಕುವುದು ಎರಡೇ ನಿಮಿಷದ ಕೆಲಸ. ಪ್ರೋಗ್ರಾಮಿನ ಫೋಲ್ಡರಿನೊಳಗೇ ಇನ್ನೊಂದು ಸೆಟ್ಟಿಂಗ್ಸ್ ಫೈಲಿತ್ತು. ಕೆಲಸ ಬಿಟ್ಟುಹೋದ ಯಾರೋ ತಮ್ಮ ಟೋಕನ್ನನ್ನು ಅದರಲ್ಲೇ ಮರೆತಿದ್ದರು. ಕಂಪ್ಯೂಟರಿಗೆ ಫೋಲ್ಡರಿನೊಳಗಿನದೇ ಮೊದಲು, ಅದು ಅತ್ತಿಗೆಯ ಫೈಲನ್ನು ಬದಿಗಿಟ್ಟು ಆ ಸತ್ತ ಟೋಕನ್ನನ್ನೇ ಕಳಿಸುತ್ತಿತ್ತು. ಅತ್ತಿಗೆ ಆ ಒಂದು ಸಾಲು ಅಳಿಸಿದರು, ಬೇರೇನನ್ನೂ ಮುಟ್ಟಲಿಲ್ಲ. ಮತ್ತೆ ಓಡಿಸಿದರು.

ಪರದೆಯ ಮೇಲೆ ಸಾಲುಗಳು ದಡದಡ ಇಳಿದವು. ಪ್ರೋಗ್ರಾಂ ತೆರೆಯಿತು! ಅಣ್ಣ ಚಪ್ಪಾಳೆ ಹೊಡೆದ.

"ತಾಳಿ, ಬರೆದ್ಬಿಡ್ತೀನಿ," ಎಂದರು ಅತ್ತಿಗೆ. 11:47. ಅವಸರದಲ್ಲಿ ಏಳು ಒಂದರ ಹಾಗೆ ಮೂಡಿತು.

ನೋಟ್‌ಬುಕ್ ನೋಡಿ ಕಂಡುಹಿಡಿದದ್ದನ್ನು ಅತ್ತಿಗೆ ಫೋನಿನಲ್ಲಿ ಮ್ಯಾನೇಜರಿಗೆ ಹೇಳಿದರು. "ಇಲ್ಲೂ ಅದೇ 'ಪ್ರವೇಶವಿಲ್ಲ', ಎರಡು ದಿನದಿಂದ ನಾವು ಮೂರು ಜನ ಇದಕ್ಕೇ ತಲೆ ಕೆಡಿಸ್ಕೊಂಡಿದ್ವಲ್ರೀ! ಸೋಮವಾರ ಹೊಸ ತಂಡಕ್ಕೆ ಬನ್ನಿ. ಆ ನೋಟ್‌ಬುಕ್ಕೂ ತನ್ನಿ."

ಅತ್ತಿಗೆ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಒಂದರಂತೆ ಕಾಣುತ್ತಿದ್ದ ಏಳನ್ನು ತಿದ್ದಿದರು.