ಮೂರನ್ನು ಎಂಟು ಮಾಡಿದವಳು

ಸುಮಾ, ಬೆಳಿಗ್ಗೆ ನಿನ್ನ ಫೋನ್ ಬಂದಾಗ ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಆಗ ಹೇಳಲಾಗದ್ದನ್ನು ಈಗ ಫೋನಿನಲ್ಲೇ ಬರೆದು ಕಳಿಸುತ್ತೇನೆ— ನಿನ್ನ ತಂದೆಯ ಚೀಟಿಯ ಅಂಕಿ ತಿದ್ದಿದವಳು ನಾನು.

ನಿನ್ನ ತಂದೆಯನ್ನು ನಾನು ಅಣ್ಣಾರು ಎನ್ನುತ್ತಿದ್ದೆ. ಅವರು ಸುರಪುರದ ನಮ್ಮ ಮನೆಯಲ್ಲಿ ಬಾಡಿಗೆಗಿದ್ದು, ಸಂಶೋಧನೆಗೆಂದು ಸುತ್ತಲಿನ ಹೊಲ ತಿರುಗಿ ಗಿಡ ತರುತ್ತಿದ್ದರು. ಹಳೆಯ ಪೇಪರಿನ ನಡುವೆ ಇಟ್ಟು, ಮೇಲೆ ಬೀಸುಕಲ್ಲು ಹೇರಿ ಒಣಗಿಸುವುದು ನನ್ನ ಕೆಲಸ. ಗಿಡಕ್ಕೊಂದು ಚೀಟಿ, ಅದರಲ್ಲಿ ಕಿತ್ತ ಜಾಗದ ಅಕ್ಷಾಂಶ, ರೇಖಾಂಶ.

"ತಂಗೆವ್ವಾ, ಈ ಅಂಕಿ ಇದ್ರ ಯಾರರೆ ಸೀದಾ ಗಿಡದ ಬುಡಕ್ಕ ಬಂದು ನಿಂದರ್ತಾರ."

"ನಮ್ಮನಿಯವ್ರ ಕೊಳ್ಳಾಗೂ ಒಂದು ಕಟ್ರಿ ಅಣ್ಣಾರ, ಎಲ್ಲಿ ಚಾ ಕುಡಕೋತ ಕುಂತಾರ ತಿಳೀತದ!"

ಒಂದು ದಿನ ನೀಲಿ ಹೂವಿನ ಸಣ್ಣ ಗಿಡ ತಂದರು. "ಯಾರದೋ ಹೊಲದ ಗಡಿ ಬಾಂದುಕಲ್ಲಿನ ಬಾಜೂಕ, ಐದು ಕಲ್ಲಿನ ನಡುವ ಇತ್ತು. ಹೊಸಾದು! ಇನ್ನ ಮಂದಿ ಬಂದು ಬೇರು ಸೈತ ಅಗದು ನೋಡ್ತಾರ."

ಹೊಲ ನಮ್ಮದು. ಆ ಐದು ಕಲ್ಲು ಇಟ್ಟವಳು ನಾನು. ಉಸಿರಿಲ್ಲದೆ ಹುಟ್ಟಿದ ನನ್ನ ಕೂಸು ಅಲ್ಲಿದೆ— ಅಂಥ ಕೂಸನ್ನು ನಾವು ಬದುವಿನಲ್ಲಿ ಮಣ್ಣು ಮಾಡುತ್ತೇವೆ, ಮತ್ತೆ ಮಾತೆತ್ತುವುದಿಲ್ಲ. ನಾನಾದರೂ ಉಳಿದೆ, ತಿಂಥಣಿ ಮೌನಪ್ಪನ ದಯೆ. ಆದರೆ ಅಲ್ಲಿ ಗುದ್ದಲಿ ಬೀಳುವುದೆಂದರೆ... ಅಣ್ಣಾರು ಸ್ನಾನಕ್ಕೆ ಹೋದಾಗ ಅಕ್ಷಾಂಶದ ಮೂರನ್ನು ಎಂಟು ಮಾಡಿದೆ. ಜಾಗ ಎಲ್ಲಿಗೆ ಸರಿಯಿತೋ, ನನಗೆ ಗೊತ್ತಿರಲಿಲ್ಲ.

ಅವರು ಊರಿಗೆ ಹೋಗಿ ಹಾಸಿಗೆ ಹಿಡಿದರು. ಅಂಕಿ ನೋಡಿ ಹುಡುಕಿದವರಿಗೆ ಬರೀ ಬಂಡೆ ಸಿಕ್ಕಿತು. ಅಣ್ಣಾರು ಸುಳ್ಳು ಬರೆದರೆಂದರು. ಆ ಮಾತು ಹೊತ್ತುಕೊಂಡೇ ಅವರು ತೀರಿಕೊಂಡರು. ನಾನು ಸುಮ್ಮನಿದ್ದೆ.

ಇವತ್ತು ನೀನು ಅಳುತ್ತ, ನಗುತ್ತ ಅಂದೆ: "ಅತ್ತೀ, ಸಿಕ್ತು! ಚೀಟ್ಯಾಗಿನ ಜಾಗಾದಾಗ, ಬಂಡೆಗೋಳ ನಡುವ! ಅದೇ ನೀಲಿ ಹೂವ, ಸುತ್ತ ಐದು ಕಲ್ಲ! ಅಪ್ಪ ಸುಳ್ಳ ಬರದಿದ್ದಿಲ್ಲ. ನಾಳಿ ಬೇರು ಅಗೀತೀವಿ."

"ಚಲೋ ಆತವ್ವಾ" ಎಂದಷ್ಟೇ ಅಂದೆ.

ಆಮೇಲೆ ಹೊಲಕ್ಕೆ ಹೋದೆ. ಬಾಂದುಕಲ್ಲು ಅಲ್ಲೇ ಇದೆ. ನನ್ನ ಐದು ಕಲ್ಲಿಲ್ಲ. ಈ ಸುಡು ಬಿಸಿಲಿನಲ್ಲಿ ಐದು ಗುಳಿ ಮಾತ್ರ, ಈಗಷ್ಟೇ ಎತ್ತಿದಂತೆ— ಹಸಿ.

ಸುಮ್ಮನಿದ್ದರೆ ನಿನ್ನ ತಂದೆಯ ಹೆಸರು ಹೇಗೂ ಉಳಿಯುತ್ತದೆ. ಆದರೂ ಅವರು ಬರೆದದ್ದು ಮೂರು. ಎಂಟು ಮಾಡಿದವಳು ನಾನೆಂದು ನನ್ನ ಹೆಸರು ಹಾಕಿ ಚೀಟಿ ತಿದ್ದು. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ, ಅಲ್ಲಿಯವರೆಗೆ ಅಗೆಯಬೇಡ— ಅಲ್ಲಿ ಯಾರಿದ್ದಾರೆಂದು ನನಗೇ ತಿಳಿಯುತ್ತಿಲ್ಲ.

ಜೋಳ ಮೊರದಲ್ಲೇ ಉಳಿದಿದೆ. ಕಲ್ಲು ಆರಿಸಿ ಗಿರಣಿಗೆ ಒಯ್ಯಬೇಕು.