ಬರೀ ಕೊಬ್ಬರಿ ಎಣ್ಣೆ

ಅಕ್ಕ, ನಿನ್ನ ಕಾಲು ಹಾಗಾದದ್ದು ನನ್ನಿಂದ. ನಾನು ಕೊಟ್ಟ ಟ್ಯೂಬಿನಿಂದ, ಆಮೇಲೆ ನಾನು ಹೇಳಿದ ಒಂದು ಸುಳ್ಳಿನಿಂದ.

ನನ್ನ ಚೀಲ ನಿನಗೆ ಗೊತ್ತು. ಹೊಸನಗರದಿಂದ ಸಾಗರಕ್ಕೆ ಹೊರಟರೂ ನೆಗಡಿಗೊಂದು, ವಾಂತಿಗೊಂದು, ಭೇದಿಗೆರಡು ಮಾತ್ರೆ ಹೊತ್ತುಕೊಳ್ಳುವವನು. "ನನ್ನ ತಮ್ಮ ಬಂದ ಅಂದ್ರೆ ಮೆಡಿಕಲ್ ಶಾಪೇ ಬಂದ ಹಾಗೆ ಮಾರಾಯ್ತಿ" ಎಂದು ಪಕ್ಕದ ಮನೆಯವಳಿಗೆ ಹೇಳಿ ನಗುತ್ತಿದ್ದೆ ನೀನು. ಎಲ್ಲದಕ್ಕೂ ಹೆದರುವ ನಾನು ಹೆದರಲೇಬೇಕಾದ ಕಡೆ ಹೆದರಲಿಲ್ಲ. ಕಿಡ್ನಿ ಕಸಿಯಾದವಳು ನೀನು. ಹೊಸ ಕಿಡ್ನಿ ಉಳಿಯಲೆಂದು ಮೈಯ ಕಾವಲನ್ನೇ ತಗ್ಗಿಸುವ ಮಾತ್ರೆ ನುಂಗುವವಳು. ಮೊಣಕಾಲ ಕೆಳಗೆ ಹುಳಕಡ್ಡಿಯಂಥ ಕೆಂಪು ಬಳೆ ಕಂಡಾಗ, ನನ್ನ ತೊಡೆಯ ತುರಿಕೆಗೆ ಹಚ್ಚಿ ಉಳಿದಿದ್ದ ಮುಲಾಮಿನ ಟ್ಯೂಬನ್ನೇ ಕೊಟ್ಟೆ. ಎರಡು ದಿನಕ್ಕೆ ತುರಿಕೆ ನಿಂತಿತು. ನೀನು ಹೊಗಳಿದೆ, ನಾನು ಉಬ್ಬಿದೆ.

ತಿಂಗಳೊಳಗೆ ಅದು ಅಂಗೈಯಗಲ ಹಬ್ಬಿತ್ತು. ಸಾಗರದ ಚರ್ಮದ ಡಾಕ್ಟರಲ್ಲಿ ನರ್ಸ್ ನಿನ್ನ ಬಿಪಿ ನೋಡಲು ಕರೆದೊಯ್ದಾಗ, ಬೆಂಚಿನಲ್ಲಿ ನಾನೊಬ್ಬನೇ. ಒಳಗೆ ಇನ್ಯಾರಿಗೋ ಡಾಕ್ಟರ ಬೈಗುಳ: "ಯಾರ್ದೋ ಟ್ಯೂಬು ಹಚ್ಕೊಂಡು ಬರ್ತೀರಲ್ಲ! ಸ್ಟೀರಾಯ್ಡ್ ಇರುತ್ತೆ ಅದ್ರಲ್ಲಿ. ತುರಿಕೆ ನಿಲ್ಲುತ್ತೆ, ಫಂಗಸ್ ಕೊಬ್ಬುತ್ತೆ."

ನಾನು ತಿಳಿದೇ ನಿನ್ನ ಜೊತೆ ಒಳಗೆ ಬಂದೆ — ತಿಳಿದೇ.

"ಮನೇಲಿ ಏನಾದ್ರೂ ಹಚ್ಚಿದ್ರಾ?"

"ಇಲ್ಲ ಸಾರ್. ಬರೀ ಕೊಬ್ಬರಿ ಎಣ್ಣೆ."

ನೀನು ನನ್ನ ಮುಖ ನೋಡಿದೆ. ತಮ್ಮ ಬೈಸಿಕೊಳ್ಳಬಾರದೆಂದು ನೀನೂ ತಲೆಯಾಡಿಸಿದೆ.

ಬಳೆಯ ಗುರುತನ್ನು ಟ್ಯೂಬು ಅಳಿಸಿತ್ತು. ಅವರು ನನ್ನ ಮಾತು ನಂಬಿ ಇಸುಬಿಗೆ ಔಷಧಿ ಕೊಟ್ಟರು. ಮೂರು ವಾರ — ಆ ಮೂರು ವಾರ! ದೊಡ್ಡ ಆಸ್ಪತ್ರೆಯಲ್ಲಿ ಚರ್ಮ ಕತ್ತರಿಸಿ ಪರೀಕ್ಷಿಸುವಷ್ಟರಲ್ಲಿ ಫಂಗಸ್ ಆಳಕ್ಕಿಳಿದಿತ್ತು. ಅದರ ಔಷಧಿ ಕೊಟ್ಟರೆ ಕಿಡ್ನಿ ಮಾತ್ರೆಯ ಹದ ತಪ್ಪುತ್ತಿತ್ತು. ದಿನವೂ ರಕ್ತ, ದಿನವೂ ಸೂಜಿ. ಆಗಲೂ ನಾನು ನಿನ್ನನ್ನೇ ಗದರಿದೆ: "ಅಂಗಳಕ್ಕೆ ಚಪ್ಪಲಿ ಹಾಕ್ಕೊಳೆ ಅಂತ ಎಷ್ಟು ಸಲ ಬಡ್ಕೊಂಡಿದ್ದೆ!"

"ಹೌದೋ, ನಂದೇ ತಪ್ಪು" ಎಂದೆ ನೀನು.

ಹುಣ್ಣು ಮಾಯ್ದಿದೆ, ಗುಳಿ ಉಳಿದಿದೆ, ಕಿಡ್ನಿಯೂ ಮೊದಲಿನಂತಿಲ್ಲ. ಮೂರು ವರ್ಷದಿಂದ ನೀನು ಅಡಿಗೆಮನೆಯಲ್ಲೂ ಚಪ್ಪಲಿ ಹಾಕಿ ನಡೆಯುತ್ತೀಯ, ದೇವರ ಕೋಣೆಯ ಮುಂದೆ ನಿಂತು "ತಪ್ಪಾಯ್ತಪ್ಪ" ಎನ್ನುತ್ತೀಯ. ಆ ಸಪ್ಪಳ ಕೇಳಿಯೂ ನಾನು ಕಾಫಿ ಕುಡಿಯುತ್ತೇನೆ.

ಟ್ಯೂಬು ಇನ್ನೂ ಚೀಲದಲ್ಲಿದೆ. ಬುಧವಾರ ನಿನ್ನ ತಪಾಸಣೆಗೆ ಹೋದಾಗ ಡಾಕ್ಟರ ಮೇಜಿನ ಮೇಲಿಡುತ್ತೇನೆ, ಅವರು ಕೇಳದಿದ್ದರೂ. ಅದಕ್ಕೆ ಮೊದಲು ನೀನು ಇದನ್ನು ಓದು. ಬಸ್ಸಿನಲ್ಲಿ ನನ್ನ ಪಕ್ಕ ಕೂರದಿದ್ದರೂ ಸರಿ — ಮನೆಯೊಳಗಾದರೂ ಆ ಚಪ್ಪಲಿ ಬಿಡು, ಅಕ್ಕ.